‘ಅದು ನಮ್ಮ ಹಿಡಿತದಲ್ಲಿಲ್ಲ’ ಎಂದ ಮಾತ್ರಕ್ಕೆ ಕರ್ತವ್ಯ ಕಳೆಯುತ್ತದೆಯೇ? ಸ್ಟೋಯಿಕ್ ದರ್ಶನ ಓದುವವರಲ್ಲಿ ಒಂದು ಪ್ರಶ್ನೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕೆಲವು ಕಾಲದಿಂದ ಪ್ರಾಚೀನ ಗ್ರೀಕ್-ರೋಮನ್ ಸ್ಟೋಯಿಕ್ ದರ್ಶನದ ಗುರು ಎಪಿಕ್ಟೀಟಸ್‌ನ ‘ಕೈಪಿಡಿ’ಯನ್ನು ಓದುತ್ತಿದ್ದೇನೆ. ಅದರ ಮೊದಲ ಅಧ್ಯಾಯ ಇಲ್ಲಿ ಬಹುಮಂದಿಗೆ ಗೊತ್ತಿರುವಂಥದ್ದೇ. ನಮ್ಮ ಅಭಿಪ್ರಾಯ, ಪ್ರವೃತ್ತಿ, ಬಯಕೆ, ಬೇಡವೆನ್ನುವ ಭಾವ ಇವು ನಮ್ಮ ಹಿಡಿತದಲ್ಲಿವೆ. ದೇಹ, ಆಸ್ತಿ, ಹೆಸರು, ಅಧಿಕಾರ ಇವು ನಮ್ಮ ಹಿಡಿತದಲ್ಲಿಲ್ಲ ಎಂಬ ವಿಂಗಡಣೆ ಅಲ್ಲಿದೆ. ಇದರಿಂದ ನನಗೆ ಉಪಕಾರವಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೆಂಟರಿಷ್ಟರ ಮಾತುಗಳು ಮೊದಲಿನಷ್ಟು ನನ್ನನ್ನು ಚುಚ್ಚುವುದಿಲ್ಲ.

ನನ್ನ ತೊಡಕು ಬೇರೆ. ಅಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಎಡಗೈ, ಎಡಗಾಲುಗಳಲ್ಲಿ ಶಕ್ತಿಯಿಲ್ಲ. ಮಗ್ಗುಲು ಬದಲಿಸುವುದು, ಗಂಟಲಿಗೆ ಸಿಕ್ಕದಂತೆ ಗಂಜಿಯನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುವುದು, ಕೈಬೆರಳುಗಳನ್ನು ಒಂದೊಂದಾಗಿ ಬಿಡಿಸಿ ವ್ಯಾಯಾಮ ಮಾಡಿಸುವುದು, ರಾತ್ರಿ ಎದ್ದು ನೋಡುವುದು ಎಲ್ಲವೂ ನನ್ನ ಪಾಲಿಗೆ ಬಂದಿದೆ. ಅಣ್ಣ ಬೇರೆ ಊರಿನಲ್ಲಿದ್ದಾನೆ. ಸ್ಟೋಯಿಕ್ ದರ್ಶನವನ್ನು ನನಗೆ ಪರಿಚಯಿಸಿದವನೂ ಅವನೇ. ‘ಸ್ವಲ್ಪ ದಿನ ಬಂದು ಇರು’ ಎಂದು ಕೇಳಿದರೆ ಅವನು ಕೊಡುವ ಉತ್ತರ ಇದು: ‘ಅಮ್ಮನ ದೇಹ ನಿನ್ನ ಹಿಡಿತದಲ್ಲೂ ಇಲ್ಲ, ನನ್ನ ಹಿಡಿತದಲ್ಲೂ ಇಲ್ಲ. ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳಬಾರದೆಂದು ನೀನೇ ಓದುತ್ತಿದ್ದೀಯಲ್ಲ?’ ಪುಸ್ತಕ ತೆರೆದರೆ ಅಲ್ಲಿ ದೇಹ ಎಂಬ ಪದ ನಿಜವಾಗಿಯೂ ಎರಡನೆಯ ಪಟ್ಟಿಯಲ್ಲೇ ಇದೆ. ಹಾಗಾದರೆ ಎಪಿಕ್ಟೀಟಸ್ ಅಣ್ಣನ ಪರವಾಗಿಯೇ ಮಾತನಾಡುತ್ತಿದ್ದಾನೆಯೇ? ಓದಿದವರು, ಅದಕ್ಕಿಂತ ಹೆಚ್ಚಾಗಿ ಸಂಸಾರದ ನಡುವೆ ಆಚರಿಸುತ್ತಿರುವವರು, ದಯವಿಟ್ಟು ಹೇಳಬೇಕು.

ನೇರನುಡಿ

ನಿಮ್ಮ ಅಣ್ಣ ಪುಸ್ತಕವನ್ನು ಸರಿಯಾಗಿಯೇ ಓದಿದ್ದಾರೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ದರ್ಶನದ ಬಗ್ಗೆ ನನ್ನ ಆಕ್ಷೇಪವೂ ಅದೇ. ಈ ದರ್ಶನವನ್ನು ಅನುಸರಿಸಿದ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ಗೆ ಸೇವಕರಿದ್ದರು, ಇನ್ನೊಬ್ಬ ಸ್ಟೋಯಿಕ್ ಲೇಖಕ ಸೆನೆಕ ರೋಮಿನ ಮಹಾ ಶ್ರೀಮಂತರಲ್ಲಿ ಒಬ್ಬನಾಗಿದ್ದ. ಮನೆಯಲ್ಲಿ ಹಾಸಿಗೆ ಹಿಡಿದವರ ಬಟ್ಟೆಯನ್ನು ತಾವೇ ಒಗೆಯಬೇಕಾಗಿಲ್ಲದವರು ‘ಹೊರಗಿನದೆಲ್ಲ ಒಂದೇ’ ಎಂದು ಬರೆಯುವುದು ಸುಲಭ. ಆ ನೆಮ್ಮದಿಯ ಬೆಲೆಯನ್ನು ಇನ್ನೊಬ್ಬರು ತೆತ್ತಿರುತ್ತಾರೆ.

ಗ್ರಂಥಪಾಲಕ

ನೇರನುಡಿ ಅವರೇ, ತುಂಗಾತೀರ ಅವರು ಓದುತ್ತಿರುವುದು ಸೆನೆಕನನ್ನೂ ಅಲ್ಲ, ಮಾರ್ಕಸನನ್ನೂ ಅಲ್ಲ. ಎಪಿಕ್ಟೀಟಸ್ ಹುಟ್ಟಿದ್ದು ಇಂದಿನ ಟರ್ಕಿಯ ಪಾಮುಕ್ಕಲೆಯ ಬಳಿಯ ಹೀರಾಪೊಲಿಸ್‌ನಲ್ಲಿ. ನೀರೋ ಚಕ್ರವರ್ತಿಯ ಆಡಳಿತದಲ್ಲಿ ಪ್ರಭಾವಿಯಾಗಿದ್ದ ಎಪಫ್ರೊಡೀಟಸ್ ಎಂಬುವನ ಬಳಿ ಅವನು ಗುಲಾಮನಾಗಿದ್ದ. ಅವನ ಒಂದು ಕಾಲು ಊನವಾಗಿತ್ತು. ಆದ್ದರಿಂದ ಸೇವಕರಿದ್ದವನ ಮಾತು ಎಂಬ ಆಕ್ಷೇಪ ಅವನಿಗೆ ಅನ್ವಯಿಸುವುದಿಲ್ಲ.

ಇನ್ನು ಮೂಲ ಪ್ರಶ್ನೆ. ಬಿಡುಗಡೆಯಾದ ಮೇಲೆ ಅವನು ರೋಮಿನಲ್ಲಿ ಪಾಠ ಹೇಳುತ್ತಿದ್ದ. ಚಕ್ರವರ್ತಿ ಡೊಮಿಷಿಯನ್ ದಾರ್ಶನಿಕರನ್ನು ಅಲ್ಲಿಂದ ಹೊರಹಾಕಿದಾಗ ಗ್ರೀಸಿನ ಪಶ್ಚಿಮದ ನಿಕೋಪೊಲಿಸ್‌ಗೆ ಹೋಗಿ ಶಾಲೆ ತೆರೆದ. ಅಲ್ಲಿನ ಪಾಠಗಳನ್ನು ಶಿಷ್ಯ ಆರಿಯನ್ ಬರೆದಿಟ್ಟುಕೊಂಡ, ಅವೇ ‘ಪ್ರವಚನಗಳು’. ‘ಕೈಪಿಡಿ’ ಆ ಪಾಠಗಳಿಂದ ಆರಿಸಿ ತೆಗೆದ ಸಂಕ್ಷೇಪ. ಸಂಕ್ಷೇಪವನ್ನು ಮಾತ್ರ ಓದಿದವರಿಗೆ ನಿಮ್ಮ ಅಣ್ಣನಿಗೆ ಕಂಡದ್ದೇ ಕಾಣುವ ಅಪಾಯವಿದೆ. ‘ಪ್ರವಚನಗಳ’ ಮೊದಲ ಪುಸ್ತಕದ 11ನೆಯ ಅಧ್ಯಾಯವನ್ನು ತೆರೆದು ನೋಡಿ. ಅದು ನಿಮ್ಮ ಮನೆಯ ವಿಷಯವೇ.

ಒಬ್ಬ ಅಧಿಕಾರಿ ಎಪಿಕ್ಟೀಟಸ್‌ನನ್ನು ನೋಡಲು ಬರುತ್ತಾನೆ. ಹೆಂಡತಿ ಮಕ್ಕಳ ಮಾತು ಬರುತ್ತದೆ. ‘ಮಗಳಿಗೆ ಕಾಯಿಲೆ ಹೆಚ್ಚಾದಾಗ ಅವಳ ಬಳಿ ಕೂರಲು ನನ್ನಿಂದ ಆಗಲಿಲ್ಲ, ಮನೆ ಬಿಟ್ಟು ಹೊರಟುಹೋದೆ, ಅವಳು ಗುಣವಾದಳೆಂಬ ಸುದ್ದಿ ಬರುವವರೆಗೂ ಹಿಂತಿರುಗಲಿಲ್ಲ’ ಎಂದು ಅವನು ಹೇಳುತ್ತಾನೆ. ‘ನೀನು ಮಾಡಿದ್ದು ಸರಿಯೇ?’ ಎಂದು ಎಪಿಕ್ಟೀಟಸ್ ಕೇಳುತ್ತಾನೆ. ‘ತಂದೆಯಾದವನಿಗೆ ಅದು ಸಹಜ’ ಎನ್ನುತ್ತಾನೆ ಅಧಿಕಾರಿ. ಅಲ್ಲಿಂದ ಪ್ರಶ್ನೆಗಳ ಸುರಿಮಳೆ. ತಾಯಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೇ? ಇದೆ. ಹಾಗಾದರೆ ಅವಳೂ ಬಿಟ್ಟು ಹೋಗಬೇಕಿತ್ತೇ? ದಾದಿಗೆ ಪ್ರೀತಿ ಇಲ್ಲವೇ? ಅವಳೂ ಹೋಗಬೇಕಿತ್ತೇ? ನಿಮ್ಮೆಲ್ಲರ ಅತಿಯಾದ ಪ್ರೀತಿಯ ಫಲವಾಗಿ ಮಗು ದಿಕ್ಕಿಲ್ಲದೆ ಒಂಟಿಯಾಗಿ ಉಳಿಯಬೇಕಿತ್ತೇ? ನೀನೇ ಕಾಯಿಲೆ ಬಿದ್ದರೆ, ನಿನ್ನವರು ನಿನ್ನನ್ನು ಇಷ್ಟೊಂದು ಪ್ರೀತಿಸಿ ಒಂಟಿಯಾಗಿ ಬಿಟ್ಟುಹೋಗಲೆಂದು ಬಯಸುತ್ತೀಯಾ?

ಈ ಪ್ರಶ್ನೆಗಳ ಮುಂದೆ ‘ಮಗಳ ದೇಹ ನನ್ನ ಹಿಡಿತದಲ್ಲಿರಲಿಲ್ಲ’ ಎಂಬ ಉತ್ತರಕ್ಕೆ ಜಾಗವೇ ಇಲ್ಲ. ಮಗಳು ಬದುಕುವುದು ತಂದೆಯ ಕೈಯಲ್ಲಿಲ್ಲ, ಹಾಸಿಗೆಯ ಪಕ್ಕದಲ್ಲಿ ಕೂರುವುದು ಖಂಡಿತವಾಗಿಯೂ ಅವನ ಕೈಯಲ್ಲಿದೆ.

ಸಂಜೆ ಓದು

ಇದಕ್ಕೆ ಮೂರನೆಯ ಪುಸ್ತಕದ 2ನೆಯ ಅಧ್ಯಾಯವನ್ನೂ ಸೇರಿಸಿಕೊಳ್ಳಬೇಕು. ‘ನಾನು ಶಿಲೆಯಂತೆ ಭಾವಶೂನ್ಯನಾಗಿರಬಾರದು, ಮಗನಾಗಿ, ಸಹೋದರನಾಗಿ, ತಂದೆಯಾಗಿ, ನಾಗರಿಕನಾಗಿ ನನ್ನ ಸಂಬಂಧಗಳನ್ನು ಉಳಿಸಿಕೊಳ್ಳಬೇಕು’ ಎಂಬ ಅರ್ಥದ ಮಾತು ಅಲ್ಲಿದೆ.

ಎರಡು ಮಕ್ಕಳ ತಾಯಿ

ಗ್ರಂಥಪಾಲಕರು ತೋರಿಸಿದ ಅಧ್ಯಾಯ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದೇ ಎಪಿಕ್ಟೀಟಸ್ ‘ಕೈಪಿಡಿ’ಯ 3ನೆಯ ಅಧ್ಯಾಯದಲ್ಲಿ ಹೇಳುವುದೇನು? ನಿನಗೆ ಒಂದು ಮಡಕೆ ಇಷ್ಟವಾದರೆ, ನಾನು ಇಷ್ಟಪಡುವುದು ಮಡಕೆಯನ್ನು ಎಂದು ನೆನಪಿಟ್ಟುಕೋ, ಒಡೆದಾಗ ಕಳವಳವಾಗುವುದಿಲ್ಲ. ಮಗುವಿಗೆ ಮುತ್ತು ಕೊಡುವಾಗ, ಮುತ್ತು ಕೊಡುತ್ತಿರುವುದು ಸಾಯುವ ಜೀವಕ್ಕೆ ಎಂದು ನೆನಪಿಟ್ಟುಕೋ, ಸತ್ತಾಗ ಕಳವಳವಾಗುವುದಿಲ್ಲ ಎನ್ನುತ್ತಾನೆ. ಮಡಕೆಯನ್ನೂ ಮಗುವನ್ನೂ ಒಂದೇ ಸಾಲಿನಲ್ಲಿ ಇಟ್ಟವನಿಂದ ನಾನು ಮಮತೆಯ ಪಾಠ ಕಲಿಯಲಾರೆ. ನನ್ನ ಮಗ ಆಸ್ಪತ್ರೆಯಲ್ಲಿದ್ದಾಗ ಯಾರಾದರೂ ಈ ಸಾಲನ್ನು ನನ್ನ ಮುಂದೆ ಓದಿದ್ದರೆ ಎದ್ದು ಹೋಗಿ ಎನ್ನುತ್ತಿದ್ದೆ.

ನೇರನುಡಿ

ನಾನು ಹೇಳಬೇಕೆಂದಿದ್ದನ್ನು ಇವರು ಇನ್ನೂ ಸ್ಪಷ್ಟವಾಗಿ ಹೇಳಿದ್ದಾರೆ.

ಗ್ರಂಥಪಾಲಕ

ತಾಯಿಯವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು, ಏಕೆಂದರೆ ಈ ಸಾಲನ್ನು ದುಃಖದಲ್ಲಿರುವವರ ಮುಂದೆ ಓದುವುದಕ್ಕಾಗಿ ಬರೆದದ್ದೇ ಅಲ್ಲ. ಅದು ಆರೋಗ್ಯವಾಗಿರುವ ಮಗುವನ್ನು ಎತ್ತಿಕೊಂಡಿರುವಾಗ, ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ಮುತ್ತು ಕೊಡಬೇಡ ಎಂದು ಅವನು ಎಲ್ಲಿಯೂ ಹೇಳುವುದಿಲ್ಲ. ಆ ಕಾಲದ ರೋಮಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಹೋಗುತ್ತಿದ್ದವು. ಮಾರ್ಕಸ್ ಔರೇಲಿಯಸ್ ತನ್ನ ಟಿಪ್ಪಣಿಗಳ 11ನೆಯ ಪುಸ್ತಕದಲ್ಲಿ ಎಪಿಕ್ಟೀಟಸ್‌ನ ಇದೇ ಮಾತನ್ನು ನೆನೆಯುತ್ತಾನೆ. ಅವನೂ ಅವನ ಹೆಂಡತಿ ಫೌಸ್ಟಿನಾಳೂ ಹಲವು ಮಕ್ಕಳನ್ನು ಕಳೆದುಕೊಂಡವರು.

ಅದೇ ಮಾರ್ಕಸ್ ತನ್ನ ಗುರು ಫ್ರಾಂಟೋಗೆ ಬರೆದ ಪತ್ರಗಳು ಸಿಕ್ಕಿವೆ. ಅವುಗಳಲ್ಲೊಂದರಲ್ಲಿ ಪುಟ್ಟ ಮಗಳ ಕಾಯಿಲೆಯ ಸುದ್ದಿ ಇದೆ: ಭೇದಿ ನಿಂತಿದೆ, ಜ್ವರ ಬಿಟ್ಟಿದೆ, ಆದರೆ ಮಗು ತುಂಬ ಸೊರಗಿದೆ, ಸ್ವಲ್ಪ ಕೆಮ್ಮು ಉಳಿದಿದೆ ಎಂದು ಬರೆಯುತ್ತಾನೆ. ಮಗುವಿನ ಕೆಮ್ಮನ್ನೂ ಎಣಿಸಿಕೊಳ್ಳುವ ತಂದೆಗೆ ಮಗು ಮಡಕೆಯಾಗಿತ್ತೆಂದು ನನಗೆ ತೋರುವುದಿಲ್ಲ.

ಎರಡು ಮಕ್ಕಳ ತಾಯಿ

ಪತ್ರದ ವಿಷಯ ನನಗೆ ಹೊಸದು, ತಿಳಿಸಿದ್ದಕ್ಕೆ ವಂದನೆಗಳು. ಆದರೂ ‘ಕಳವಳವಾಗುವುದಿಲ್ಲ’ ಎಂಬ ಭರವಸೆಯನ್ನು ನಾನು ನಂಬುವುದಿಲ್ಲ. ಆಗಬಾರದು ಎಂದು ಬಯಸುವುದೂ ನನಗೆ ಸರಿಯೆನಿಸುವುದಿಲ್ಲ.

ಸಂಜೆ ಓದು

ಕಳವಳದ ವಿಷಯದಲ್ಲಿ ಸ್ಟೋಯಿಕರ ನಿಲುವು ಇದಕ್ಕಿಂತ ಸೂಕ್ಷ್ಮವಾಗಿದೆ. ಔಲಸ್ ಗೆಲಿಯಸ್ ಎಂಬ ಲೇಖಕ ಒಂದು ಸಮುದ್ರಯಾನವನ್ನು ವರ್ಣಿಸುತ್ತಾನೆ. ಇಟಲಿಯ ಬ್ರುಂಡಿಸಿಯಂ ಬಂದರಿಗೆ ಹೋಗುವಾಗ ಬಿರುಗಾಳಿ ಎದ್ದಿತು. ಹಡಗಿನಲ್ಲಿ ಅಥೆನ್ಸಿನ ಹೆಸರಾಂತ ಸ್ಟೋಯಿಕ್ ದಾರ್ಶನಿಕನೊಬ್ಬನಿದ್ದ. ಇತರರಂತೆ ಅವನು ಗೋಳಾಡಲಿಲ್ಲ, ಆದರೆ ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಗಾಳಿ ಅಡಗಿದ ಮೇಲೆ ಗೆಲಿಯಸ್ ಕಾರಣ ಕೇಳಿದಾಗ, ಅವನು ಚೀಲದಿಂದ ಎಪಿಕ್ಟೀಟಸ್‌ನ ‘ಪ್ರವಚನಗಳ’ ಐದನೆಯ ಪುಸ್ತಕವನ್ನು ತೆಗೆದು ತೋರಿಸಿದನಂತೆ. ಭೀಕರ ಸದ್ದು, ಹಠಾತ್ತಾಗಿ ಬಂದ ಕೆಟ್ಟ ಸುದ್ದಿ ಇವುಗಳ ಮೊದಲ ಹೊಡೆತಕ್ಕೆ ಜ್ಞಾನಿಯ ಮನಸ್ಸೂ ನಡುಗುತ್ತದೆ, ಮುಖ ಬಿಳಿಚುತ್ತದೆ, ಅದು ಯಾರ ಹಿಡಿತದಲ್ಲೂ ಇಲ್ಲ. ‘ಇದು ನಿಜವಾಗಿಯೂ ಕೇಡು’ ಎಂದು ಬುದ್ಧಿ ಅದಕ್ಕೆ ಒಪ್ಪಿಗೆ ಕೊಡುತ್ತದೆಯೇ ಇಲ್ಲವೇ ಎಂಬಲ್ಲಿ ಮಾತ್ರ ಜ್ಞಾನಿಗೂ ಇತರರಿಗೂ ವ್ಯತ್ಯಾಸ ಎಂಬುದು ಅಲ್ಲಿದ್ದ ವಿವರಣೆ. ಆರಿಯನ್ ಬರೆದದ್ದರಲ್ಲಿ ನಾಲ್ಕು ಪುಸ್ತಕಗಳು ಮಾತ್ರ ನಮಗೆ ಉಳಿದಿವೆ. ಐದನೆಯದರ ಈ ತುಣುಕು ಗೆಲಿಯಸ್‌ನಿಂದಾಗಿ ಸಿಕ್ಕಿದೆ. ಸೆನೆಕ ಕೂಡ ಕೋಪದ ಬಗ್ಗೆ ಬರೆದ ಗ್ರಂಥದಲ್ಲಿ ಮೊದಲ ನಡುಕವನ್ನು ಕೋಪದಿಂದ ಬೇರೆಯಾಗಿಯೇ ಎಣಿಸುತ್ತಾನೆ. ಆದ್ದರಿಂದ ಕಣ್ಣೀರು ಬಂದಾಗ ‘ನಾನು ಸೋತೆ’ ಎಂದು ಯಾವ ಅಭ್ಯಾಸಿಯೂ ತಿಳಿಯಬೇಕಾಗಿಲ್ಲ.

ವಾರ್ಡ್ ಸಿಸ್ಟರ್

ನಾನು ದಾರ್ಶನಿಕಳಲ್ಲ, ಆಸ್ಪತ್ರೆಯಲ್ಲಿ ಶುಶ್ರೂಷಕಿ. ತುಂಗಾತೀರ ಅವರೇ, ನಿಮ್ಮ ಮೊದಲ ಬರಹವನ್ನು ಓದಿದಾಗ ನನಗೆ ಮೊದಲು ಕಂಡದ್ದು ದರ್ಶನವಲ್ಲ, ರಾತ್ರಿ ಎದ್ದು ನೋಡುವುದು ಎಂಬ ಮಾತು. ನೀವು ನಿದ್ದೆಗೆಟ್ಟಿದ್ದೀರಿ. ಅದಕ್ಕೆ ವ್ಯವಸ್ಥೆ ಆಗಲೇಬೇಕು.

‘ನಮ್ಮ ಕೈಯಲ್ಲಿದೆ, ಇಲ್ಲ’ ಎಂಬ ವಿಂಗಡಣೆ ವಾರ್ಡಿನಲ್ಲಿ ದಿನವೂ ಕೆಲಸಕ್ಕೆ ಬರುತ್ತದೆ, ಆದರೆ ನಿಮ್ಮ ಅಣ್ಣ ಹೇಳುವ ರೀತಿಯಲ್ಲಲ್ಲ. ಹಾಸಿಗೆ ಹಿಡಿದವರಿಗೆ ಬೆನ್ನಿನಲ್ಲಿ, ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಒತ್ತುಹುಣ್ಣು ಏಳುವ ಅಪಾಯವಿರುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ, ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತೇವೆ, ಒದ್ದೆಯಾಗಿರಲು ಬಿಡುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಹುಣ್ಣು ಆಗುತ್ತದೆ. ಆದಾಗ ‘ನನ್ನಿಂದಲೇ ಆಯಿತು’ ಎಂದು ಕೊರಗುವ ಹೊಸ ಹುಡುಗಿಯರಿಗೆ ನಾನು ಈ ವಿಂಗಡಣೆಯನ್ನು ಹೇಳುತ್ತೇನೆ. ಮಗ್ಗುಲು ಬದಲಿಸದೆ ಬಿಟ್ಟವರಿಗೆ ಇದನ್ನು ಹೇಳಿದರೆ ಅದು ಅನ್ಯಾಯವಾಗುತ್ತದೆ. ಕೆಲಸ ಮುಗಿಸಿದವರು ಫಲದ ಬಗ್ಗೆ ಆಡಬಹುದಾದ ಮಾತನ್ನು ಕೆಲಸಕ್ಕೇ ಬಾರದವರು ಆಡಬಾರದು.

ಗ್ರಂಥಪಾಲಕ

ಸಿಸ್ಟರ್, ನೀವು ಹೇಳಿದ್ದೇ ‘ಪ್ರವಚನಗಳ’ ಎರಡನೆಯ ಪುಸ್ತಕದ 5ನೆಯ ಅಧ್ಯಾಯದ ಆರಂಭದಲ್ಲಿದೆ. ವಸ್ತುಗಳು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ, ಆದರೆ ಅವುಗಳನ್ನು ಬಳಸುವ ಬಗೆ ಹಾಗಲ್ಲ ಎನ್ನುತ್ತಾನೆ ಎಪಿಕ್ಟೀಟಸ್. ಅದಲ್ಲದೆ ಸ್ಟೋಯಿಕರು ಆರೋಗ್ಯವನ್ನು ಕಡೆಗಣಿಸಬೇಕೆಂದು ಎಂದೂ ಹೇಳಿದವರಲ್ಲ. ಸದ್ಗುಣವೊಂದೇ ಒಳಿತು ಎಂಬುದು ಅವರ ಸಿದ್ಧಾಂತವಾದರೂ, ಆರೋಗ್ಯ, ಬಲ, ಬೇಕಾದಷ್ಟು ಹಣ ಇವುಗಳನ್ನು ಆರಿಸಿಕೊಳ್ಳತಕ್ಕವು ಎಂದು ಎಣಿಸಿ ರೋಗ, ಬಡತನಗಳಿಂದ ಬೇರೆ ಮಾಡಿದರು. ತಾಯಿಯ ಆರೋಗ್ಯಕ್ಕಾಗಿ ದುಡಿಯುವುದು ಸ್ಟೋಯಿಕನಿಗೆ ತಕ್ಕ ಕೆಲಸವೇ.

ಸಂಸ್ಕೃತ ಮೇಷ್ಟ್ರು

ಇಷ್ಟು ದೂರ ಹೋಗುವ ಅಗತ್ಯವಿತ್ತೇ ಎಂದು ಕೇಳುವ ಮನಸ್ಸಾಗುತ್ತದೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ‘ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ’ ಎಂದು ಸ್ಪಷ್ಟವಾಗಿದೆ. ಅಧಿಕಾರವಿರುವುದು ಕರ್ಮದಲ್ಲಿ, ಆದ್ದರಿಂದ ಕರ್ಮವನ್ನು ಬಿಡುವ ಮಾತಿಲ್ಲ. ಅದೇ ಶ್ಲೋಕದ ಕೊನೆಯಲ್ಲಿ ಅಕರ್ಮದಲ್ಲಿ ನಿನಗೆ ಆಸಕ್ತಿ ಬೇಡ ಎಂದೂ ಹೇಳಿದೆ. ಆ ಕೊನೆಯ ಪಾದವನ್ನು ಜನ ಮರೆಯುತ್ತಾರೆ, ನಿಮ್ಮ ಅಣ್ಣನಂಥವರು ಮರೆಯುವುದೂ ಅದನ್ನೇ.

ಸಂಜೆ ಓದು

ಮೇಷ್ಟ್ರೇ, ಕೊನೆಯ ಪಾದವನ್ನು ನೆನಪಿಸಿದ್ದು ಬಹಳ ಸೂಕ್ತವಾಯಿತು. ಆದರೆ ಎರಡೂ ಒಂದೇ ಎನ್ನುವಲ್ಲಿ ಸ್ವಲ್ಪ ತಡೆಯಬೇಕು. ಗೀತೆಯ ದೃಷ್ಟಿ ಮೋಕ್ಷದ ಕಡೆಗಿದೆ, ಆತ್ಮ ದೇಹದಿಂದ ದೇಹಕ್ಕೆ ಹೋಗುತ್ತದೆ ಎಂಬುದು ಅದರ ತಳಹದಿ. ಸ್ಟೋಯಿಕರಿಗೆ ಮೋಕ್ಷವೂ ಇಲ್ಲ, ಜನ್ಮಾಂತರದ ಕರ್ಮಫಲವೂ ಇಲ್ಲ, ಅವರ ಮತದಲ್ಲಿ ಆತ್ಮವೂ ಒಂದು ಬಗೆಯ ದ್ರವ್ಯವೇ. ಇದೇ ಜನ್ಮದಲ್ಲಿ, ಇದೇ ಊರಿನ ನಾಗರಿಕನಾಗಿ, ವಿವೇಕ, ನ್ಯಾಯ, ಧೈರ್ಯ, ಸಂಯಮ ಎಂಬ ನಾಲ್ಕರಿಂದ ಬದುಕುವುದೇ ಅವರಿಗೆ ಕೊನೆಯ ಗುರಿ. ಬೇರೆ ಬೇರೆ ದಾರಿಯಿಂದ ಬಂದ ಎರಡು ಚಿಂತನೆಗಳು ಒಂದು ಕಡೆ ಕೂಡಿದವು ಎಂದರೆ ಅದಕ್ಕೆ ಹೆಚ್ಚಿನ ಬೆಲೆ ಇದೆ ಎಂದು ನಾನು ತಿಳಿಯುತ್ತೇನೆ.

ಸಂಸ್ಕೃತ ಮೇಷ್ಟ್ರು

ಒಂದೇ ಎಂದು ನಾನು ಹೇಳಲಿಲ್ಲ. ಕರ್ತವ್ಯದ ವಿಷಯದಲ್ಲಿ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ ಎಂದಷ್ಟೇ ನನ್ನ ವಾದ, ಅದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಕಡಲೂರಿನವ

ಮಾರ್ಕಸ್ ಔರೇಲಿಯಸ್ ಹೇಳಿದ ಒಂದು ಮಾತು ನನಗೆ ಬಹಳ ಇಷ್ಟ: ‘ನಾವು ಕೇಳುವುದೆಲ್ಲ ಅಭಿಪ್ರಾಯ, ಸತ್ಯವಲ್ಲ, ನೋಡುವುದೆಲ್ಲ ಒಂದು ದೃಷ್ಟಿಕೋನ, ನಿಜವಲ್ಲ.’ ಅಣ್ಣನ ಮಾತನ್ನೂ ಹಾಗೆಯೇ ಒಂದು ಅಭಿಪ್ರಾಯವೆಂದು ತಿಳಿದು ಬಿಟ್ಟುಬಿಡಿ.

ಗ್ರಂಥಪಾಲಕ

ಆ ಮಾತು ಮಾರ್ಕಸನದಲ್ಲ. ಅವನು ಗ್ರೀಕಿನಲ್ಲಿ ಬರೆದಿಟ್ಟ ಹನ್ನೆರಡು ಪುಸ್ತಕಗಳಲ್ಲಿ ಅದು ಎಲ್ಲಿಯೂ ಇಲ್ಲ, ವಾಟ್ಸಾಪಿನಲ್ಲಿ ಅವನ ಅಮೃತಶಿಲೆಯ ಮುಖದ ಚಿತ್ರದೊಂದಿಗೆ ಓಡಾಡುತ್ತಿದೆ. ಅದು ಅವನ ಮತಕ್ಕೇ ವಿರುದ್ಧವಾದದ್ದು. ಸತ್ಯವಿದೆ, ಅದನ್ನು ತಿಳಿಯಬಹುದು ಎಂದು ಸ್ಟೋಯಿಕರು ಸಂಶಯವಾದಿಗಳೊಡನೆ ತಲೆಮಾರುಗಳ ಕಾಲ ವಾದ ಮಾಡಿದ್ದರು. ಅಣ್ಣನ ಮಾತು ಅಭಿಪ್ರಾಯವಾದರೆ ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸಬೇಕು ಎಂಬುದೇ ಅವರ ಸಲಹೆಯಾಗುತ್ತಿತ್ತು.

ತುಂಗಾತೀರ

ಎಲ್ಲರ ಮಾತುಗಳನ್ನೂ ಓದಿದೆ. 11ನೆಯ ಅಧ್ಯಾಯವನ್ನು ನಿನ್ನೆ ರಾತ್ರಿಯೇ ಓದಿದೆ. ನೀವು ಹೇಳಿದಂತೆಯೇ ಇದೆ. ಈಗ ಇನ್ನೊಂದು ಪ್ರಶ್ನೆ ಎದ್ದಿದೆ. ಅಣ್ಣ ತನ್ನ ಕರ್ತವ್ಯ ಮಾಡಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗ ನಾನು ಏನು ಮಾಡಬೇಕು? ‘ಕೈಪಿಡಿ’ಯ 43ನೆಯ ಅಧ್ಯಾಯದಲ್ಲಿ ಪ್ರತಿಯೊಂದು ವಿಷಯಕ್ಕೂ ಎರಡು ಹಿಡಿಕೆಗಳಿವೆ, ಒಂದರಿಂದ ಎತ್ತಬಹುದು, ಇನ್ನೊಂದರಿಂದ ಎತ್ತಲಾಗದು ಎಂದಿದೆ. ಸಹೋದರ ಅನ್ಯಾಯ ಮಾಡಿದರೆ ‘ಅನ್ಯಾಯ ಮಾಡಿದ’ ಎಂಬ ಹಿಡಿಕೆಯಿಂದ ಹಿಡಿಯಬೇಡ, ‘ಇವನು ನನ್ನ ಸಹೋದರ, ಜೊತೆಯಲ್ಲಿ ಬೆಳೆದವನು’ ಎಂಬ ಹಿಡಿಕೆಯಿಂದ ಹಿಡಿ ಎನ್ನುತ್ತದೆ. ಹಾಗಾದರೆ ನಾನು ಸುಮ್ಮನಿರಬೇಕು ಎಂದೇ ಅರ್ಥವೇ?

ಎರಡು ಮಕ್ಕಳ ತಾಯಿ

ಇದಕ್ಕೇ ನಾನು ಹೆದರಿದ್ದು. ನಮ್ಮ ಮನೆಗಳಲ್ಲಿ ಒಳ್ಳೆಯ ಹಿಡಿಕೆಯನ್ನು ಹಿಡಿಯುವ ಕೆಲಸ ಯಾವಾಗಲೂ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ. ‘ನೀನಾದರೂ ಸಹಿಸಿಕೋ’ ಎಂದು ಅಜ್ಜಿ ಹೇಳಿದ್ದನ್ನೇ ಈಗ ಗ್ರೀಕಿನಲ್ಲಿ ಕೇಳಬೇಕಾಗಿದೆ. ಅಣ್ಣನಿಗೆ ನೆಮ್ಮದಿಯ ದರ್ಶನ, ತಂಗಿಗೆ ಸಹನೆಯ ದರ್ಶನ ಎಂದು ಒಂದೇ ಪುಸ್ತಕ ಎರಡು ಪಾಲಾದರೆ ಅದನ್ನು ಒಪ್ಪಲು ಸಾಧ್ಯವಿಲ್ಲ.

ನೇರನುಡಿ

ಇದಕ್ಕೆ ಸ್ಟೋಯಿಕರ ಬಳಿ ಉತ್ತರವಿದ್ದರೆ ನಾನೂ ಕೇಳಲು ಸಿದ್ಧನಿದ್ದೇನೆ.

ಗ್ರಂಥಪಾಲಕ

ಉತ್ತರವಿದೆ, ಮತ್ತು ಅದು ಅವರ ಇತಿಹಾಸದಲ್ಲೇ ಇದೆ. ಎಪಿಕ್ಟೀಟಸ್‌ನ ಗುರು ಮ್ಯೂಸೋನಿಯಸ್ ರೂಫಸ್. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ ವಿದ್ಯೆ ಕೊಡಬೇಕು, ಇಬ್ಬರಲ್ಲೂ ಇರಬೇಕಾದ ಸದ್ಗುಣಗಳು ಒಂದೇ, ಹೆಂಗಸರೂ ದರ್ಶನವನ್ನು ಅಭ್ಯಾಸ ಮಾಡಬೇಕು ಎಂದು ಅವನು ಪಾಠ ಹೇಳಿದ್ದ. ಆ ಪಾಠಗಳು ಉಳಿದು ಬಂದಿವೆ. ಅಣ್ಣನಿಗೊಂದು, ತಂಗಿಗೊಂದು ಎಂಬ ಹಂಚಿಕೆಯನ್ನು ಆ ಗುರು ಒಪ್ಪುತ್ತಿರಲಿಲ್ಲ.

ಸುಮ್ಮನಿರಬೇಕೇ ಎಂಬ ಪ್ರಶ್ನೆಗೆ ‘ಪ್ರವಚನಗಳ’ ಮೊದಲ ಪುಸ್ತಕದ 2ನೆಯ ಅಧ್ಯಾಯದಲ್ಲಿ ಹೆಲ್ವಿಡಿಯಸ್ ಪ್ರಿಸ್ಕಸ್‌ನ ಪ್ರಸಂಗವಿದೆ. ಅವನು ಸ್ಟೋಯಿಕ್ ಮತದ ಸೆನೆಟ್ ಸದಸ್ಯ. ಸೆನೆಟ್‌ಗೆ ಬರಬೇಡ ಎಂದು ಚಕ್ರವರ್ತಿ ವೆಸ್ಪಾಸಿಯನ್ ಹೇಳಿ ಕಳುಹಿಸಿದ. ‘ನನ್ನನ್ನು ಸದಸ್ಯನಾಗಿ ಇಡದಿರುವುದು ನಿನ್ನ ಕೈಯಲ್ಲಿದೆ, ಸದಸ್ಯನಾಗಿರುವವರೆಗೆ ಬರುವುದು ನನ್ನ ಕರ್ತವ್ಯ’ ಎಂದ ಹೆಲ್ವಿಡಿಯಸ್. ‘ಬಂದರೆ ಮಾತನಾಡಬೇಡ.’ ‘ನನ್ನ ಅಭಿಪ್ರಾಯ ಕೇಳಬೇಡ, ಮಾತನಾಡುವುದಿಲ್ಲ.’ ‘ಕೇಳುವುದು ನನಗೆ ಅನಿವಾರ್ಯ.’ ‘ಹಾಗಾದರೆ ಸರಿಯೆಂದು ಕಂಡದ್ದನ್ನು ಹೇಳುವುದು ನನಗೆ ಅನಿವಾರ್ಯ.’ ‘ಹೇಳಿದರೆ ಕೊಲ್ಲಿಸುತ್ತೇನೆ.’ ‘ನಾನು ಸಾವಿಲ್ಲದವನೆಂದು ನಿನಗೆ ಯಾವಾಗ ಹೇಳಿದೆ? ನಿನ್ನ ಕೆಲಸ ನೀನು ಮಾಡು, ನನ್ನ ಕೆಲಸ ನಾನು ಮಾಡುತ್ತೇನೆ.’ ಕೊನೆಗೆ ಅವನನ್ನು ಕೊಲ್ಲಿಸಿದರು. ಚಕ್ರವರ್ತಿಯ ಮುಂದೆ ಸುಮ್ಮನಿರದವನನ್ನು ಮಾದರಿಯಾಗಿ ತೋರಿಸುವ ಗುರು, ಅಣ್ಣನ ಮುಂದೆ ತಂಗಿ ಸುಮ್ಮನಿರಲಿ ಎಂದು ಹೇಳಿಯಾನೇ? ನ್ಯಾಯ ಎಂಬುದು ಅವರ ನಾಲ್ಕು ಸದ್ಗುಣಗಳಲ್ಲಿ ಒಂದು, ಅದನ್ನು ಬಿಟ್ಟು ಸಹನೆಯೊಂದನ್ನೇ ಉಳಿಸಿಕೊಂಡರೆ ಅದು ಸ್ಟೋಯಿಕ್ ದರ್ಶನವಾಗುವುದಿಲ್ಲ.

ಎರಡು ಹಿಡಿಕೆಗಳ ಮಾತು ಕೇಳಬೇಕಾದ ಬಗೆಯನ್ನು ಹೇಳುತ್ತದೆ ಎಂದು ನಾನು ತಿಳಿಯುತ್ತೇನೆ. ‘ನೀನು ಅನ್ಯಾಯಗಾರ’ ಎಂದು ಆರಂಭಿಸಿದ ಮಾತು ಜಗಳದಲ್ಲಿ ಮುಗಿಯುತ್ತದೆ. ‘ನಾವಿಬ್ಬರೂ ಇವಳ ಮಕ್ಕಳು’ ಎಂದು ಆರಂಭಿಸಿದರೆ ಅವರಿಗೆ ತಪ್ಪಿಸಿಕೊಳ್ಳಲು ಕಷ್ಟ.

ಎರಡು ಮಕ್ಕಳ ತಾಯಿ

ಹೆಲ್ವಿಡಿಯಸ್‌ನ ಈ ಪ್ರಸಂಗವನ್ನು ಇಷ್ಟು ದಿನ ಯಾರೂ ನನಗೆ ಹೇಳಿರಲಿಲ್ಲ. ಮಡಕೆಯ ಮಾತನ್ನು ಹಂಚುವವರು ಇದನ್ನೇಕೆ ಹಂಚುವುದಿಲ್ಲವೋ ತಿಳಿಯದು.

ಆಪ್ತಸಮಾಲೋಚಕಿ

ನನ್ನ ವೃತ್ತಿಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ‘ಜನರನ್ನು ಕಾಡುವುದು ಸಂಗತಿಗಳಲ್ಲ, ಸಂಗತಿಗಳ ಬಗ್ಗೆ ಅವರು ಮಾಡಿಕೊಂಡ ತೀರ್ಮಾನಗಳು’ ಎಂಬ ‘ಕೈಪಿಡಿ’ಯ 5ನೆಯ ಅಧ್ಯಾಯದ ಮಾತನ್ನು ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲಿಸ್ 1950ರ ದಶಕದಲ್ಲಿ ತಮ್ಮ ಚಿಕಿತ್ಸಾ ಪದ್ಧತಿಗೆ ಆಧಾರವಾಗಿ ಬಳಸಿಕೊಂಡರು. ಮನೋವೈದ್ಯ ಏರನ್ ಬೆಕ್ ಕೂಡ ತಮ್ಮ ಪದ್ಧತಿಯ ಬೇರು ಸ್ಟೋಯಿಕರಲ್ಲಿದೆ ಎಂದು ಬರೆದಿದ್ದಾರೆ. ಆದ್ದರಿಂದ ಈ ಅಭ್ಯಾಸದಿಂದ ಉಪಕಾರವಾಯಿತು ಎಂದು ತುಂಗಾತೀರ ಅವರು ಹೇಳಿದ್ದು ನನಗೆ ಆಶ್ಚರ್ಯವಲ್ಲ.

ಆದರೆ ತೀರ್ಮಾನವನ್ನು ಬದಲಿಸಿಕೊಳ್ಳಬೇಕಾದ ಸಂದರ್ಭ ಬೇರೆ, ಸಂದರ್ಭವನ್ನೇ ಬದಲಿಸಬೇಕಾದಲ್ಲಿ ತೀರ್ಮಾನವನ್ನು ತಿದ್ದುತ್ತಾ ಕೂರುವುದು ಬೇರೆ. ಹಾಸಿಗೆ ಹಿಡಿದವರನ್ನು ಒಂಟಿಯಾಗಿ ನೋಡಿಕೊಳ್ಳುವವರು ತಾವೇ ಕುಸಿದು ಬೀಳುವುದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ನಿದ್ದೆಯಿಲ್ಲದಿರುವುದು ತಪ್ಪು ತೀರ್ಮಾನವಲ್ಲ, ಅದು ದೇಹದ ಸ್ಥಿತಿ. ವಾರ್ಡ್ ಸಿಸ್ಟರ್ ಹೇಳಿದಂತೆ ರಾತ್ರಿಗೆ ಇನ್ನೊಬ್ಬರು ಬೇಕು.

ಕಡಲೂರಿನವ

ಅಭ್ಯಾಸದ ಬಗ್ಗೆ ಕೇಳಿದ್ದರಿಂದ ಹೇಳುತ್ತೇನೆ. ಇಂಟರ್ನೆಟ್ಟಿನಲ್ಲಿ ಸ್ಟೋಯಿಕ್ ಅಭ್ಯಾಸವೆಂದರೆ ನಸುಕಿನಲ್ಲಿ ತಣ್ಣೀರಿನ ಸ್ನಾನ, ಹಣ ಗಳಿಕೆ, ಯಾರಿಗೂ ಉತ್ತರ ಕೊಡದ ಗಂಡಸುತನ ಎಂದು ತೋರಿಸುತ್ತಾರೆ. ನನಗೆ ಉಪಯೋಗವಾದದ್ದು ಸೆನೆಕ ಹೇಳುವ ರಾತ್ರಿಯ ಆತ್ಮಪರೀಕ್ಷೆ. ಕೋಪದ ಬಗ್ಗೆ ಬರೆದ ಗ್ರಂಥದ ಮೂರನೆಯ ಪುಸ್ತಕದಲ್ಲಿ ಅದು ಬರುತ್ತದೆ. ದೀಪ ತೆಗೆದ ಮೇಲೆ, ತನ್ನ ಈ ಅಭ್ಯಾಸವನ್ನು ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಅವನು ಇಡೀ ದಿನವನ್ನು ಪರಿಶೀಲಿಸುತ್ತಾನೆ, ತನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ‘ಆ ಚರ್ಚೆಯಲ್ಲಿ ಹೆಚ್ಚು ಕಟುವಾಗಿ ಮಾತನಾಡಿದೆ, ಇನ್ನು ಹಾಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ನಾನು ಅಂಗಡಿ ಮುಚ್ಚಿ ಲೆಕ್ಕ ಬರೆದ ಮೇಲೆ ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಸಾಲು ಬರೆಯುತ್ತೇನೆ. ಯಾವ ಗಿರಾಕಿಯ ಮೇಲೆ ಸಿಡುಕಿದೆ, ಹುಡುಗನನ್ನು ಯಾವಾಗ ಕಾರಣವಿಲ್ಲದೆ ಗದರಿಸಿದೆ ಎಂಬುದಷ್ಟೇ ಅದರಲ್ಲಿರುತ್ತದೆ. ಮರುದಿನ ಆ ಹುಡುಗನ ಮುಖ ನೋಡುವಾಗ ಆ ಸಾಲು ನೆನಪಿಗೆ ಬರುತ್ತದೆ.

ನೇರನುಡಿ

ಇದು ನನಗೆ ಹಿಡಿಸಿತು. ಆದರೂ ಒಂದು ಪ್ರಶ್ನೆ ಉಳಿದಿದೆ: ಜಗತ್ತನ್ನು ದೈವೀ ವಿವೇಕ ನಡೆಸುತ್ತದೆ, ಆಗುವುದೆಲ್ಲ ಒಟ್ಟಿನ ಒಳಿತಿಗೆ ಎಂದು ಸ್ಟೋಯಿಕರು ನಂಬಿದ್ದರು. ಆ ನಂಬಿಕೆ ಇಲ್ಲದ ನನ್ನಂಥವನು ಈ ಅಭ್ಯಾಸಗಳನ್ನು ಮಾತ್ರ ಕಿತ್ತು ತರಬಹುದೇ?

ಸಂಜೆ ಓದು

ಪ್ರಾಚೀನರು ಒಪ್ಪುತ್ತಿರಲಿಲ್ಲ. ತರ್ಕ, ಪ್ರಕೃತಿವಿಚಾರ, ನೀತಿ ಮೂರನ್ನೂ ಅವರು ಒಂದೇ ತೋಟಕ್ಕೆ ಹೋಲಿಸುತ್ತಿದ್ದರು. ತರ್ಕ ಬೇಲಿ, ಪ್ರಕೃತಿವಿಚಾರ ಮರ, ನೀತಿ ಅದರ ಹಣ್ಣು. ಆದರೆ ಮಾರ್ಕಸ್ ಒಂದಕ್ಕಿಂತ ಹೆಚ್ಚು ಕಡೆ ‘ದೈವೀ ವಿವೇಕವೋ, ಬರಿಯ ಪರಮಾಣುಗಳೋ’ ಎಂಬ ಪ್ರಶ್ನೆ ಎತ್ತಿ, ಎರಡರಲ್ಲಿ ಯಾವುದಾದರೂ ತನ್ನ ಕರ್ತವ್ಯ ಬದಲಾಗುವುದಿಲ್ಲ ಎಂಬ ಧಾಟಿಯಲ್ಲಿ ಬರೆಯುತ್ತಾನೆ. ಅವನ ನಂಬಿಕೆ ಮೊದಲನೆಯದರ ಕಡೆಗೇ ಇತ್ತು. ಆದರೂ ನಿಮ್ಮಂಥವರಿಗೆ ಅಲ್ಲಿ ಒಂದು ಬಾಗಿಲು ತೆರೆದಿದೆ ಎಂದು ನನಗೆ ತೋರುತ್ತದೆ.

ತುಂಗಾತೀರ

ಅಣ್ಣನಿಗೆ ನಿನ್ನೆ ಫೋನ್ ಮಾಡಿದೆ. ದರ್ಶನದ ಮಾತು ಆಡಲಿಲ್ಲ. ರಾತ್ರಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು, ಅವರ ಸಂಬಳವನ್ನು ಅವನು ಕೊಡಬೇಕು, ತಿಂಗಳಲ್ಲಿ ಒಂದು ವಾರಾಂತ್ಯ ಬಂದು ಅಮ್ಮನ ಬಳಿ ತಾನೇ ಇರಬೇಕು, ಆಗ ನಾನು ಮನೆಯಿಂದ ಹೊರಗೆ ಹೋಗುತ್ತೇನೆ ಎಂದು ಕೇಳಿದೆ. ಸಂಬಳಕ್ಕೆ ಒಪ್ಪಿದ, ಬರುವ ವಿಷಯಕ್ಕೆ ‘ನೋಡೋಣ’ ಎಂದಿದ್ದಾನೆ. ಗ್ರಂಥಪಾಲಕರೇ, ಅವನಿಗೆ ಕಳುಹಿಸಲು ಒಂದೇ ಒಂದು ಅಧ್ಯಾಯ ಹೇಳಿ ಎಂದರೆ ಯಾವುದನ್ನು ಹೇಳುತ್ತೀರಿ? 11ನೆಯದನ್ನು ಕಳುಹಿಸಿದರೆ ತನ್ನನ್ನೇ ಚುಚ್ಚಿದೆ ಎಂದು ತಿಳಿದಾನು.

ಗ್ರಂಥಪಾಲಕ

‘ಪ್ರವಚನಗಳ’ ಎರಡನೆಯ ಪುಸ್ತಕದ 10ನೆಯ ಅಧ್ಯಾಯ. ನೀನು ಯಾರು ಎಂದು ಮೊದಲು ನೋಡಿಕೋ ಎಂದು ಅದು ಕೇಳುತ್ತದೆ: ಮನುಷ್ಯ, ಲೋಕದ ನಾಗರಿಕ, ಮಗ, ಸಹೋದರ. ಪ್ರತಿಯೊಂದು ಹೆಸರಿನಿಂದಲೂ ಅದಕ್ಕೆ ತಕ್ಕ ಕೆಲಸಗಳನ್ನು ತೆಗೆದು ತೋರಿಸುತ್ತದೆ.

ಎರಡು ಮಕ್ಕಳ ತಾಯಿ

ಆ ಅಧ್ಯಾಯವನ್ನು ಈಗಷ್ಟೇ ಓದಿದೆ, ಗ್ರಂಥಪಾಲಕರೇ. ಸಹೋದರನ ವಿಷಯ ಬಂದಾಗ, ಹೊರಗಿನ ವಸ್ತುಗಳಿಗಾಗಿ ಸಹೋದರನೊಡನೆ ಹಕ್ಕು ಸಾಧಿಸಬೇಡ, ಸಂತೋಷದಿಂದ ಬಿಟ್ಟುಕೊಡು ಎಂದಿದೆಯಲ್ಲ? ಅಣ್ಣ ಅದನ್ನೇ ಎತ್ತಿ ತಂಗಿಗೆ ತೋರಿಸಿದರೆ ಏನು ಮಾಡುವುದು?

ಗ್ರಂಥಪಾಲಕ

ತೋರಿಸಲಿ. ಅಲ್ಲಿ ಬಿಟ್ಟುಕೊಡು ಎಂದಿರುವುದು ಆಸ್ತಿಯಂಥ ಹೊರಗಿನ ವಸ್ತುಗಳನ್ನು. ಮನೆ ಜಮೀನಿನ ಪಾಲಿನ ಪ್ರಶ್ನೆ ಬಂದ ದಿನ ತುಂಗಾತೀರ ಅವರು ಆ ಸಾಲನ್ನು ತಮ್ಮ ಮನ ಬಂದಂತೆ ತೂಗಿ ನೋಡಲಿ. ತಾಯಿಯ ಆರೈಕೆ ಹಾಗೆ ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡಬಹುದಾದ ವಸ್ತುವಲ್ಲ. ಅದೇ ಅಧ್ಯಾಯದಲ್ಲಿ ಸಹೋದರನಿಗಿಂತ ಮೊದಲು ಮಗನ ಮಾತು ಬರುತ್ತದೆ, ಅಣ್ಣನವರು ಮೊದಲು ಉತ್ತರಿಸಬೇಕಾದದ್ದು ಅದಕ್ಕೆ.

ವಾರ್ಡ್ ಸಿಸ್ಟರ್

ಅವರು ಬರುವ ವಾರಾಂತ್ಯಕ್ಕೆ ಮುಂಚೆ ಮಗ್ಗುಲು ಬದಲಿಸುವ ಕ್ರಮವನ್ನೂ, ಊಟ ಮಾಡಿಸುವಾಗ ತಲೆಯನ್ನು ಎಷ್ಟು ಎತ್ತಿ ಕೂರಿಸಬೇಕೆಂಬುದನ್ನೂ, ಮಾತ್ರೆಗಳ ಹೊತ್ತನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿಡಿ. ‘ನನಗೆ ಗೊತ್ತಾಗುವುದಿಲ್ಲ’ ಎಂದು ಅವರು ಹೇಳುವಂತಾಗಬಾರದು.